ತಿಥಿ ನೋಡದೆ ಬರುವವನು

ಮನೆಗೆ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಟ್ಟ ನಂತರವೇ ಬಂದ ಕಾರಣವನ್ನು ಕೇಳುವುದು ನಮ್ಮ ಕರಾವಳಿಯ ಹಿರಿಯರ ಸಂಪ್ರದಾಯ. ಕ್ರೈಸ್ತರ ಮನೆ, ಹಿಂದೂಗಳ ಮನೆ ಎಂಬ ಭೇದ ಇದಕ್ಕಿರಲಿಲ್ಲ. ಬಿಸಿಲಲ್ಲಿ ನಡೆದು ಬಂದವನ ದಣಿವು ಮೊದಲು ಆರಲಿ, ಮಾತು ಆಮೇಲೆ ಎಂಬ ವಿವೇಕ ಅದರಲ್ಲಿದೆ. ಇಂದು ಈ ಕ್ರಮ ತಿರುವುಮುರುವಾಗಿದೆ. ಬರುವ ಮುನ್ನ ಮೊಬೈಲಿನಲ್ಲಿ ತಿಳಿಸಬೇಕು. ತಿಳಿಸದೆ ಬಂದವರನ್ನು ಕಿಟಕಿಯ ಪರದೆ ಸರಿಸಿ ನೋಡಿ, ಯಾರು, ಏಕೆ ಎಂದು ವಿಚಾರಿಸಿದ ಮೇಲೆ ಬಾಗಿಲು ತೆರೆಯುತ್ತದೆ.

ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬರುವವನು ಎಂದು ಬಲ್ಲವರು ಅರ್ಥ ಹೇಳುವುದುಂಟು. ಹಾಗಾದರೆ ಮೊಂತಿ ಹಬ್ಬಕ್ಕೋ ಮದುವೆಗೋ ನಾವು ಕರೆದು ಉಣಬಡಿಸುವವರು ಬಂಧುಮಿತ್ರರೇ ಹೊರತು ಅತಿಥಿಗಳಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಆತಿಥ್ಯದ ಸ್ನೇಹವನ್ನು ಪ್ರಯೋಜನಕ್ಕಾಗಿ ಬೆಳೆಸುವ ಸ್ನೇಹಗಳ ಸಾಲಿಗೆ ಸೇರಿಸಿದ್ದಾನೆ. ಸೆಮಿನರಿಯಲ್ಲಿ ಇದನ್ನು ಓದಿದಾಗ ನಮಗೆ ಬೇಸರವಾಗಿತ್ತು. ಆದರೆ ಇಂದು ಕರೆದವರು ನಾಳೆ ನಮ್ಮನ್ನೂ ಕರೆಯುವರೆಂಬ ಲೆಕ್ಕಾಚಾರದ ಊಟಗಳನ್ನು ಕಂಡ ಮೇಲೆ ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆವು. ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಪ್ರಶ್ನಿಸುವುದು ಇದೇ ಲೆಕ್ಕಾಚಾರವನ್ನು.

ಆದಿಕಾಂಡದ 18ನೇ ಅಧ್ಯಾಯದ ಅಬ್ರಹಾಮನನ್ನು ನೋಡೋಣ. ನೂರರ ಹತ್ತಿರದ ಪ್ರಾಯ, ಸುಡುವ ಮಧ್ಯಾಹ್ನ. ಎದುರಿಗೆ ನಿಂತ ಮೂವರು ಅಪರಿಚಿತರನ್ನು ಕಂಡೊಡನೆ ಅವನು ಓಡಿಹೋಗುತ್ತಾನೆ. ಬಾಯಲ್ಲಿ ಹೇಳಿದ್ದು ತುಸು ರೊಟ್ಟಿಯ ಮಾತು. ಬಡಿಸಿದ್ದು ಎಳೆಗರುವಿನ ಮಾಂಸ, ಮೊಸರು, ಹಾಲು, ಸುಮಾರು 20 ಲೀಟರ್ ಹಿಟ್ಟಿನ ರೊಟ್ಟಿ! ಆ ಬಿಸಿಲಲ್ಲಿ ಹಿಟ್ಟು ನಾದಬೇಕಾದ ಸಾರಳು ಮನದಲ್ಲಿ ಏನೆಂದುಕೊಂಡಳೋ ಪವಿತ್ರ ಗ್ರಂಥ ಹೇಳುವುದಿಲ್ಲ. ನಮ್ಮ ಗೃಹಿಣಿಯರು ಊಹಿಸಬಲ್ಲರು. ಬಂದವರು ಯಾರೆಂಬುದು ಊಟವಾದ ಮೇಲಷ್ಟೇ ತಿಳಿಯಿತು.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯ 53ನೇ ಅಧ್ಯಾಯ, ಬಂದ ಪ್ರತಿಯೊಬ್ಬ ಅತಿಥಿಯನ್ನೂ ಕ್ರಿಸ್ತರೆಂದೇ ಬರಮಾಡಿಕೊಳ್ಳಲು ವಿಧಿಸುತ್ತದೆ. ಮಠಾಧಿಪತಿಯೇ ಅತಿಥಿಯ ಕೈಗೆ ನೀರು ಹಾಕಬೇಕು. ಅತಿಥಿಗಾಗಿ ಮಠದ ಹಿರಿಯರು ಉಪವಾಸವನ್ನೂ ಮುರಿಯಬಹುದು. ಬಡವರಿಗೂ ಯಾತ್ರಿಕರಿಗೂ ಹೆಚ್ಚಿನ ಉಪಚಾರ ಸಲ್ಲಬೇಕು. ಶ್ರೀಮಂತರಿಗಾದರೋ ಅವರ ಬಗೆಗಿನ ಭಯವೇ ಗೌರವ ತಂದುಕೊಡುತ್ತದೆ ಎಂಬುದು ಸಂತರ ಸೂಕ್ಷ್ಮ ಗ್ರಹಿಕೆ.

ಇದನ್ನೆಲ್ಲ ಪ್ರವಚನಗಳಲ್ಲಿ ಹೇಳುತ್ತಾ ಬಂದವರು ನಾವು. ಆದರೂ ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ರಾತ್ರಿ, ಕೊನೆಯ ಬಸ್ಸು ತಪ್ಪಿದ ಹೊರರಾಜ್ಯದ ಕೂಲಿಕಾರನೊಬ್ಬನು ನಮ್ಮ ಬಾಗಿಲು ತಟ್ಟಿದಾಗ, ಬೆಳಿಗ್ಗೆ ಕಚೇರಿ ತೆರೆದ ಮೇಲೆ ಬಾ ಎಂದು ಹೇಳಿ ಕಳುಹಿಸಿದೆವು. ಊಟ ಆಯಿತೇ ಎಂದೂ ಕೇಳಲಿಲ್ಲ. ಅವನಿಗೆ ಗಂಜಿ ಹಾಕಿ ಚಾಪೆ ಕೊಟ್ಟವರು ಬೀಡಿ ಕಟ್ಟಿ ಜೀವಿಸುವ ನಮ್ಮ ಧರ್ಮಕೇಂದ್ರದ ಓರ್ವ ವಿಧವೆ. ಮರುದಿನ ಸುದ್ದಿ ತಿಳಿದು, ನಾಚಿಕೆಯಿಂದಲೇ ಅವರ ಮನೆಗೆ ಹೋದೆವು.

“ಹೆದರಿಕೆ ಆಗಲಿಲ್ಲವೇ ಬಾಯಿ?” ಎಂದು ಕೇಳಿದೆವು.

“ಆಯಿತು ಫಾದರ್. ಅದಕ್ಕೇ ಪಕ್ಕದ ಮನೆಯ ಹುಡುಗನನ್ನು ಕರೆದು ಜಗಲಿಯಲ್ಲಿ ಅವನ ಜೊತೆಗೆ ಮಲಗಿಸಿದೆ. ಆದರೆ ಹಸಿದವನನ್ನು ಮಳೆಗೆ ಕಳುಹಿಸಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.”

ಅವನು ಮೊದಲ ಬಸ್ಸಿಗೇ ಹೊರಟುಹೋಗಿದ್ದನು. ಹೋಗುವ ಮುನ್ನ ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಮಡಲುಗಳನ್ನು ಎಳೆದು ಒಂದೆಡೆ ರಾಶಿ ಹಾಕಿದ್ದನಂತೆ. ಅವನ ಹೆಸರೇನೆಂದು ವಿಚಾರಿಸಿದೆವು.

“ಕೇಳಬೇಕೆಂದಿದ್ದೆ ಫಾದರ್. ಎರಡನೆಯ ಸಲ ಗಂಜಿ ಬಡಿಸುವಾಗ ಮರೆತೇಹೋಯಿತು.”