ಪಾಯಿಂಟ್‌ಮ್ಯಾನ್ ಅಂದ್ರೆ ಬಾಸ್ ಅಲ್ಲ: ‘ಸ್ಪೈಕ್ರಾಫ್ಟ್’ ಗೇಮ್‌ನಲ್ಲಿ ಯಾರೂ ಆರಿಸದ ಕ್ಲಾಸ್

ಇವತ್ತು ಗೂಢಚಾರರ ಕಥೆ. ಸಿನಿಮಾ ಅಲ್ಲ, ಮೇಜಿನ ಸುತ್ತ ಕೂತು ಆಡೋ ಗೇಮ್.

ಹೊಸದಾಗಿ ಕೇಳ್ತಿರೋರಿಗೆ ಎರಡೇ ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ನಾಲ್ಕೈದು ಜನ ಒಂದೊಂದು ಪಾತ್ರ ತಗೋತಾರೆ, ಇನ್ನೊಬ್ರು ಕಥೆ ನಡೆಸ್ತಾರೆ. ‘ನಾನು ಗೋಡೆ ಹಾರ್ತೀನಿ’ ಅಂತ ಯಾರಾದ್ರೂ ಅಂದ್ರೆ, ಹಾರೋಕೆ ಆಯ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ.

ನಾನು ಹೇಳ್ತಿರೋದು ‘ಸ್ಪೈಕ್ರಾಫ್ಟ್’ ಬಗ್ಗೆ. 2002ರಲ್ಲಿ ಅಮೆರಿಕದ ಆಲ್ಡೆರಾಕ್ ಎಂಟರ್‌ಟೈನ್‌ಮೆಂಟ್ ಗ್ರೂಪ್ ಹೊರತಂದ ಗೇಮ್ ಇದು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರನೇ ಆವೃತ್ತಿಯಿಂದ ಬಂದ ಡಿ20 ನಿಯಮಗಳ ಮೇಲೆ ನಿಂತಿದೆ. ಅಂದ್ರೆ ಇಪ್ಪತ್ತು ಮುಖದ ದಾಳ ಎಸೆದು, ನಿಮ್ಮ ಪಾತ್ರದ ಕೌಶಲದ ಅಂಕ ಕೂಡಿಸಿ, ಗುರಿ ಮುಟ್ಟಿದ್ರೆ ಪಾಸ್. ಕತ್ತಿ, ಮಂತ್ರದ ಜಾಗದಲ್ಲಿ ಪಿಸ್ತೂಲು, ಗ್ಯಾಜೆಟ್. ಕಥೆ ನಡೆಸೋರಿಗೆ ಇಲ್ಲಿ ‘ಗೇಮ್ ಕಂಟ್ರೋಲ್’ ಅಂತ ಹೆಸರು.

ಮೊದಲ ಆವೃತ್ತಿಯ ಮೂಲ ಪುಸ್ತಕದಲ್ಲಿ ಆರು ಕ್ಲಾಸ್‌ಗಳಿವೆ. ಮಾತಲ್ಲೇ ಮರುಳು ಮಾಡೋ ಫೇಸ್‌ಮ್ಯಾನ್, ಬೀಗ ತೆಗೆದು ಒಳಗೆ ನುಗ್ಗೋ ಫಿಕ್ಸರ್, ಕಂಪ್ಯೂಟರ್ ಮತ್ತು ಕಣ್ಗಾವಲಿನ ಸ್ನೂಪ್, ಗುಂಡಿನ ಕೆಲಸಕ್ಕೆ ಸೋಲ್ಜರ್, ಗಾಡಿ ಓಡಿಸೋಕೆ ವೀಲ್‌ಮ್ಯಾನ್. ಇವನ್ನೆಲ್ಲ ಜನ ಕಿತ್ತಾಡಿ ತಗೋತಾರೆ. ಕೊನೆಗೆ ಉಳಿಯೋದು ಪಾಯಿಂಟ್‌ಮ್ಯಾನ್. ನಮ್ಮ ಟೇಬಲ್‌ನಲ್ಲೂ ಅದೇ ಕಥೆ, ತಡವಾಗಿ ಬಂದವರ ಪಾಲಿಗೆ ಅವನು!

ಹೆಸರು ಬಂದಿರೋದು ಸೈನ್ಯದಿಂದ. ಗಸ್ತು ತಂಡದಲ್ಲಿ ಎಲ್ಲರಿಗಿಂತ ಮುಂದೆ ನಡೆಯೋ ಸೈನಿಕನನ್ನ ಪಾಯಿಂಟ್ ಮ್ಯಾನ್ ಅಂತಾರೆ. ಗೇಮ್‌ನಲ್ಲಿ ಅವನು ತಂಡದ ನಾಯಕ. ಎಲ್ಲ ಕೆಲಸವೂ ಸ್ವಲ್ಪ ಸ್ವಲ್ಪ ಬರುತ್ತೆ, ಆದ್ರೆ ಯಾವುದರಲ್ಲೂ ನಂಬರ್ ಒನ್ ಅಲ್ಲ. ಪುಸ್ತಕದಲ್ಲಿ ಇಷ್ಟು ಓದಿದ್ರೆ ಬೋರ್ ಅನ್ಸುತ್ತೆ, ಒಪ್ತೀನಿ. ಅವನ ನಿಜವಾದ ಶಕ್ತಿ ಕಾಣಬೇಕಾದ್ರೆ ‘ಆ್ಯಕ್ಷನ್ ಡೈಸ್’ ಏನು ಅಂತ ಗೊತ್ತಿರಬೇಕು.

ಆಟ ಶುರುವಾಗುವಾಗ ಪ್ರತಿ ಆಟಗಾರನಿಗೂ ಕೆಲವು ಹೆಚ್ಚುವರಿ ದಾಳ ಸಿಗುತ್ತೆ. ಹೊಸ ಪಾತ್ರಕ್ಕೆ ಮೂರು, ಅವೂ ನಾಲ್ಕು ಮುಖದವು. ಎಸೆತ ಸ್ವಲ್ಪದರಲ್ಲಿ ತಪ್ಪಿತು ಅನ್ಸಿದ್ರೆ ಇದನ್ನ ಎಸೆದು ಬಂದಷ್ಟು ಸೇರಿಸ್ಕೋಬಹುದು. ಅತಿ ದೊಡ್ಡ ಸಂಖ್ಯೆ, ಅಂದ್ರೆ ನಾಲ್ಕು ಬಿದ್ರೆ ಮತ್ತೊಮ್ಮೆ ಎಸೆದು ಅದನ್ನೂ ಕೂಡಿಸಿ. ಇನ್ನೊಂದು ತಮಾಷೆ: ಈ ಗೇಮ್‌ನಲ್ಲಿ ಇಪ್ಪತ್ತು ಬಿದ್ದ ತಕ್ಷಣ ಅದು ತಾನಾಗಿಯೇ ‘ಕ್ರಿಟಿಕಲ್’ ಆಗಲ್ಲ. ಅದಕ್ಕೂ ಒಂದು ಆ್ಯಕ್ಷನ್ ಡೈಸ್ ಖರ್ಚು ಮಾಡಬೇಕು. ನಾನು ಬಿಕಾಂ ಓದಿದವನು, ನನ್ನ ಕಣ್ಣಿಗೆ ಇದು ಪಕ್ಕಾ ವರ್ಕಿಂಗ್ ಕ್ಯಾಪಿಟಲ್. ಇರೋದು ಮೂರು, ಖರ್ಚಿನ ದಾರಿ ಹತ್ತಾರು.

ಬೇರೆ ಕ್ಲಾಸ್‌ನವರು ಈ ದಾಳವನ್ನ ತಮ್ಮ ಎಸೆತಕ್ಕೆ ಬಳಸ್ತಾರೆ. ಪಾಯಿಂಟ್‌ಮ್ಯಾನ್ ತನ್ನ ದಾಳವನ್ನ ಜೊತೆಗಾರರ ಎಸೆತಕ್ಕೂ ಕೊಡಬಹುದು. ಅಷ್ಟೇ ಅವನ ಮೂಲ ವಿದ್ಯೆ.

ಅಷ್ಟೇನಾ ಅನ್ಬೇಡಿ, ಲೆಕ್ಕ ನೋಡಿ. ಫಿಕ್ಸರ್ ಒಂದು ಸರ್ವರ್ ರೂಮಿನ ಬೀಗ ತೆಗೀತಿದ್ದಾನೆ. ಗುರಿ 20, ಅವನ ಕೌಶಲ 7. ದಾಳದಲ್ಲಿ 10 ಬಿತ್ತು. ಒಟ್ಟು 17, ಮೂರು ಕಮ್ಮಿ. ಅವನ ಆ್ಯಕ್ಷನ್ ಡೈಸ್ ಎಲ್ಲಾ ಆಗ್ಲೇ ಖಾಲಿ. ಕಾರಿಡಾರ್‌ನಲ್ಲಿ ಗಾರ್ಡ್ ಹೆಜ್ಜೆ ಸದ್ದು. ಆಗ ಪಾಯಿಂಟ್‌ಮ್ಯಾನ್ ಆಡ್ತಿರೋರು ‘ತಗೋ ಮಾರಾಯ’ ಅಂತ ತಮ್ಮ ನಾಲ್ಕು ಮುಖದ ದಾಳ ಎಸೀತಾರೆ. ಮೂರು ಅಥವಾ ನಾಲ್ಕು ಬಿದ್ರೆ ಬಾಗಿಲು ತೆರೀತು. ಪೂರ್ತಿ ಕೈಬಿಟ್ಟು ಹೋಗಿದ್ದ ಕೆಲಸ ಈಗ ಫಿಫ್ಟಿ-ಫಿಫ್ಟಿ.

ಇದು ಬರೀ ಗೆಲುವಿನ ಪ್ರಶ್ನೆ ಅಲ್ಲ. ಸ್ಪೈ ಗೇಮ್‌ಗಳಿಗೆ ಒಂದು ಹಳೇ ಕಾಯಿಲೆ ಇದೆ: ತಂಡ ಚೆದುರಿ ಹೋಗೋದು. ಒಬ್ಬ ಪಾರ್ಟಿಯಲ್ಲಿ ರಾಯಭಾರಿ ಜೊತೆ ಮಾತಾಡ್ತಿರ್ತಾನೆ, ಇನ್ನೊಬ್ಬ ಬೇಸ್‌ಮೆಂಟ್‌ನಲ್ಲಿ, ಮತ್ತೊಬ್ಬ ಹೊರಗೆ ಕಾರಲ್ಲಿ. ಒಬ್ಬರ ಸೀನ್ ನಡೀವಾಗ ಉಳಿದವರು ಫೋನ್ ತೆಗೆದು ರೀಲ್ಸ್ ನೋಡ್ತಾರೆ. ಒಂದು ಸಂಜೆಯ ಆಟ ಹಾಳಾಗೋದು ಹೀಗೆ, ಕೆಟ್ಟ ದಾಳದಿಂದ ಅಲ್ಲ. ಪಾಯಿಂಟ್‌ಮ್ಯಾನ್‌ಗೆ ಮಾತ್ರ ಆ ಬಿಡುವು ಇಲ್ಲ. ಯಾರ ಎಸೆತಕ್ಕೆ ತನ್ನ ದಾಳ ಬೇಕಾಗುತ್ತೋ ಅಂತ ಎಲ್ಲ ಸೀನ್‌ನಲ್ಲೂ ಕಿವಿ ಕೊಟ್ಟು ಕೂತಿರಬೇಕು. ಒಬ್ಬರು ಹಾಗೆ ಕೂತ್ರೆ ಉಳಿದವರ ಕೈಯಿಂದಲೂ ಫೋನ್ ಕೆಳಗೆ ಇಳಿಯುತ್ತೆ. ನಮ್ಮ ಟೇಬಲ್‌ನಲ್ಲಿ ನಾನೇ ನೋಡಿದ್ದೀನಿ.

ಲೆವೆಲ್ ಏರ್ತಾ ಹೋದಂತೆ ಅವನಿಗೆ ಬೇರೆ ವಿದ್ಯೆಗಳೂ ಬರ್ತವೆ, ತಂಡದ ದಾಳಿಗೆ ಬಲ ಕೊಡೋ ಥರದ್ದು. ಆದ್ರೆ ನನಗೆ ಅವೆಲ್ಲ ಒಗ್ಗರಣೆ ಅಷ್ಟೇ.

ಅಪಾಯ ಇಲ್ವಾ ಅಂದ್ರೆ, ಇದೆ. ‘ನಾಯಕ’ ಅನ್ನೋ ಪದ ಓದಿದ ತಕ್ಷಣ ಕೆಲವರಿಗೆ ಯಜಮಾನಿಕೆ ಬಂದುಬಿಡುತ್ತೆ. ‘ನೀನು ಅಲ್ಲಿ ನಿಲ್ಲು, ನೀನು ಇದನ್ನೇ ಮಾಡು.’ ಬೇರೆಯವರ ಪಾತ್ರವನ್ನ ಓಡಿಸೋ ಅಧಿಕಾರ ಪಾಯಿಂಟ್‌ಮ್ಯಾನ್‌ಗೆ ಇಲ್ಲ. ನನ್ನ ಪ್ರಕಾರ ಗುಂಪಲ್ಲಿ ಜೋರಾಗಿ ಮಾತಾಡೋರಿಗಿಂತ, ಸುಮ್ನೆ ಕೂತು ಎಲ್ಲಾ ಗಮನಿಸೋರಿಗೆ ಈ ಕ್ಲಾಸ್ ಚೆನ್ನಾಗಿ ಕೂರುತ್ತೆ. ನಿಯಮ ಅಷ್ಟಾಗಿ ಗೊತ್ತಿಲ್ಲದ ಹೊಸಬರೂ ಆಡಬಹುದು. ಎಲ್ಲಿ ಕೊಡಬೇಕು ಅಂತ ಗೊತ್ತಾದ್ರೆ ಸಾಕು.

2005ರಲ್ಲಿ ಬಂದ ‘ಸ್ಪೈಕ್ರಾಫ್ಟ್ 2.0’ರಲ್ಲಿ ಕ್ಲಾಸ್‌ಗಳ ಪಟ್ಟಿ ಉದ್ದ ಆಯ್ತು, ಫಿಕ್ಸರ್ ಹೆಸರೇ ಹೋಯ್ತು. ಪಾಯಿಂಟ್‌ಮ್ಯಾನ್ ಉಳ್ಕೊಂಡ. ಆ ಪುಸ್ತಕ ದಪ್ಪ, ನಿಯಮಗಳೂ ಜಾಸ್ತಿ. ಮೊದಲ ಸಲ ಆಡೋರು ಹಳೇ ಆವೃತ್ತಿಯಿಂದಲೇ ಶುರು ಮಾಡಿ, ಆದ್ರೆ ಅದರ ಜೊತೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಆಟಗಾರರ ಕೈಪಿಡಿಯೂ ಬೇಕಾಗುತ್ತೆ. ಮತ್ತೆ ಪಾಯಿಂಟ್‌ಮ್ಯಾನ್ ತಗೊಂಡ್ರೆ ಮೂರು ದಾಳದಲ್ಲಿ ಒಂದನ್ನ ಕೊನೆಯ ಅರ್ಧ ಗಂಟೆಗೆ ಎತ್ತಿಟ್ಟಿರಿ. ತಪ್ಪಿಸ್ಕೊಂಡು ಓಡೋ ಸೀನ್ ಬಂದಾಗ ವೀಲ್‌ಮ್ಯಾನ್ ನಿಮ್ಮ ಮುಖವೇ ನೋಡ್ತಾನೆ.