ಎರಡು ಮಡಿಕೆ, ಆರು ಪುಟ

ಹಾಸನ ಪೇಟೆಯ ಓಣಿಯೊಂದರಲ್ಲಿರುವ ಈ ಪ್ರೆಸ್ಸಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದಲೂ ಜನ ಬರುತ್ತಾರೆ. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಉದ್ದನೆಯ ಮೇಜು. ಅದರ ಗಾಜಿನಡಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕದ ಮಾದರಿಗಳು. ನಾನು ನೋಡಬೇಕೆಂದಿದ್ದ ಬ್ರೋಷರ್‌ಗಳು ಮೂಲೆಯ ರಟ್ಟಿನ ಡಬ್ಬದಲ್ಲಿದ್ದವು. ಹೋಂಸ್ಟೇ, ಅಕ್ಕಿ ಗಿರಣಿ, ಕಾಲೇಜು, ನರ್ಸರಿ ಎಲ್ಲವೂ ಒಟ್ಟಿಗೇ.

ಕೈಗೆ ಸಿಕ್ಕಷ್ಟನ್ನು ತಿರುವಿ ನೋಡಿದೆ. ಹೆಚ್ಚಿನವುಗಳ ಕಾಯಿಲೆ ಒಂದೇ. ಮೇಲೆ ಮನೆದೇವರು, ಪಕ್ಕದಲ್ಲಿ ಮಾಲೀಕರ ಫೋಟೊ, ಕೆಳಗೆ ಅವರ ಸಾಧನೆ, ಕಟ್ಟಕಡೆಗೆ ಇರುವೆ ಸಾಲಿನಂತೆ ಫೋನ್ ನಂಬರು. ನರ್ಸರಿಯದು ಮಾತ್ರ ಬೇರೆ. ಮುಖಪುಟದಲ್ಲಿ ಒಂದೇ ಒಂದು ಅಡಿಕೆ ಸಸಿ, ಅದರ ವಯಸ್ಸು, ದರ, ಸಿಗುವ ಜಾಗ, ಅಷ್ಟೇ. ನನಗೆ ತೋಟವಿಲ್ಲ, ಆದರೂ ಹೋಗಿ ನೋಡೋಣ ಅನ್ನಿಸಿತು.

ಒಳಕೋಣೆಯಲ್ಲಿ ಡಿಟಿಪಿ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಯ ಪಕ್ಕದ ಸ್ಟೂಲಿನಲ್ಲಿ ಚನ್ನರಾಯಪಟ್ಟಣದ ಕಡೆಯ ಗಿರಾಕಿ. ಗಾಣದ ಕೊಬ್ಬರಿ ಎಣ್ಣೆಯ ವ್ಯಾಪಾರ ಅವರದು.

"ಇದ್ನೂ ಒಂದ್ ಕಡೆ ಹಾಕ್ಬುಡಮ್ಮ, ಜಾಗ ಐತಲ್ಲ."

"ಜಾಗ ಇರ್ಲಿ ಬಿಡಿ ಅಣ್ಣ. ಓದೋರ ಕಣ್ಣಿಗೂ ಒಂಚೂರು ಬಿಡುವು ಬೇಕಲ್ಲ."

ಇಡೀ ಭೇಟಿಯಲ್ಲಿ ನಾನು ಕೇಳಿದ ಒಳ್ಳೆಯ ಮಾತು ಇದೇ.

ಪರದೆಯ ಮೇಲಿದ್ದದ್ದು ಎ4 ಹಾಳೆ. ಅಡ್ಡಕ್ಕೆ 297 ಮಿಲಿಮೀಟರ್. ಎರಡು ಮಡಿಕೆ ಹಾಕಿದರೆ ಹಿಂದೆ ಮುಂದೆ ಸೇರಿ ಆರು ಪುಟ. ಮೂರು ಸಮಪಾಲು ಮಾಡಿದರೆ ಆಯಿತಲ್ಲ ಎಂದುಕೊಂಡಿದ್ದೆ. ಆಕೆ ಗೆರೆ ಎಳೆದದ್ದು 100, 100, 97ಕ್ಕೆ. ಒಳಗೆ ಮಡಚಿಕೊಳ್ಳುವ ಪುಟ ಒಂದಿಷ್ಟು ಕಿರಿದಾಗಿರಬೇಕು, ಇಲ್ಲದಿದ್ದರೆ ಮಡಿಕೆಗೆ ತಾಗಿ ಉಬ್ಬುತ್ತದೆ. ಅಂಚಿನವರೆಗೂ ಬಣ್ಣ ಬರಬೇಕಾದ ಕಡೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬಿಟ್ಟಿದ್ದಳು. ಕತ್ತರಿಸುವಾಗ ಅಲಗು ಕೂದಲೆಳೆ ಸರಿದರೂ ಬಿಳಿ ಗೆರೆ ಕಾಣಬಾರದಲ್ಲ.

ಕನ್ನಡದ ಫಜೀತಿ ಬೇರೆಯೇ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಯೂನಿಕೋಡ್ ಅಕ್ಷರ, ಇಲ್ಲಿನ ಹಳೆಯ ಕೋರಲ್ ಡ್ರಾಗೆ ಒಗ್ಗುವುದು ನುಡಿ ಫಾಂಟು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ. ಆಕೆ ಕಪ್ಪುಬಿಳುಪಿನ ಪ್ರೂಫ್ ತೆಗೆದು ಗಿರಾಕಿಯ ಕೈಗಿತ್ತು, ಗಟ್ಟಿಯಾಗಿ ಓದಿಸಿದಳು. ಪರದೆಯ ಮೇಲೆ ಕಾಣದ ಎರಡು ತಪ್ಪು ಕಾಗದದ ಮೇಲೆ ಸಿಕ್ಕವು.

ಗಾಣದ ಫೋಟೊ ಕೂಡ ವಾಟ್ಸ್ಆ್ಯಪ್‌ನದೇ. ಅಡ್ಡಕ್ಕೆ 900 ಪಿಕ್ಸೆಲ್. ಅಚ್ಚಿಗೆ ಇಂಚಿಗೆ 300 ಬೇಕೆಂಬ ಲೆಕ್ಕದಲ್ಲಿ ಅದು 3 ಇಂಚಿಗೆ ಸಾಲುತ್ತದೆ, ಪುಟವೇ ಸುಮಾರು 4 ಇಂಚು. ಹಿಗ್ಗಿಸಿದರೆ ಮಬ್ಬು. "ಮೂಲ ಫೋಟೊನ ಡಾಕ್ಯುಮೆಂಟ್ ಮಾಡಿ ಕಳ್ಸಿ ಅಣ್ಣ" ಎಂದಳು.

ಹಿಂದಿನ ಕೋಣೆಗೆ ಹೋದರೆ ಶಾಯಿ, ಸೀಮೆಎಣ್ಣೆಯ ವಾಸನೆ. ಇಲ್ಲಿರುವುದು ಒಂದು ಸಲಕ್ಕೆ ಒಂದೇ ಬಣ್ಣ ಹಾಕುವ ಸಣ್ಣ ಆಫ್‌ಸೆಟ್ ಯಂತ್ರ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಅಲ್ಯೂಮಿನಿಯಂ ಪ್ಲೇಟು, ಹಾಳೆ ನಾಲ್ಕು ಸಲ ಓಡಬೇಕು. ಪ್ಲೇಟಿನಲ್ಲಿ ಅಕ್ಷರವಿಲ್ಲದ ಜಾಗ ನೀರು ಹಿಡಿಯುತ್ತದೆ, ಅಕ್ಷರವಿರುವ ಜಾಗ ಎಣ್ಣೆ ಶಾಯಿ ಹಿಡಿಯುತ್ತದೆ. 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚಾದ ಕಲ್ಲಚ್ಚಿನ ತತ್ವವೂ ಇದೇ ಎಂದು ಯಂತ್ರದವರಿಗೆ ಹೇಳಿದೆ. ಅವರು ರೋಲರ್ ಒರೆಸುತ್ತಾ ತಲೆಯಾಡಿಸಿದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಭೂತಗನ್ನಡಿ ಕೊಟ್ಟು ನೋಡಿ ಎಂದರು. ಬೇರೊಂದು ಕೆಲಸದ ಹಾಳೆಯಲ್ಲಿದ್ದ ತೆಂಗಿನಕಾಯಿ ಕಂದು ಬಣ್ಣದ್ದೇ ಅಲ್ಲ, ನಾಲ್ಕು ಬಣ್ಣದ ಚುಕ್ಕಿಗಳ ಗುಂಪು. ಒಂದು ಅಂಚಿನಲ್ಲಿ ಗುಲಾಬಿ ಗೆರೆ ಹೊರಚಾಚಿತ್ತು. ಮೆಜೆಂಟಾ ಕೂತಿಲ್ಲ ಎನ್ನುತ್ತಾ ಅವರು ಹಾಳೆಯನ್ನು ಪಕ್ಕಕ್ಕೆಸೆದರು. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುವುದೂ ಇಲ್ಲೇ ಗೊತ್ತಾಗುವುದು. ಯಂತ್ರದ ತಪ್ಪಲ್ಲ, ಬೆಳಕಿನ ಬಣ್ಣವೇ ಬೇರೆ, ಶಾಯಿಯ ಬಣ್ಣವೇ ಬೇರೆ.

ಪಕ್ಕದ ಅಟ್ಟಣಿಗೆಯಲ್ಲಿ ಆರ್ಟ್ ಪೇಪರ್. 130 ಜಿಎಸ್ಎಂ, 170 ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ. ಕಣ್ಣುಮುಚ್ಚಿ ಮುಟ್ಟಿದಾಗ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಮಡಚಿದಾಗ ಗೊತ್ತಾಯಿತು. ದಪ್ಪನೆಯದರ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಎಳೆ ಕಂಡಿತು. ಅಂಥದ್ದಕ್ಕೆ ಮೊದಲು ಮಡಿಕೆಯ ಗೆರೆ ಒತ್ತುವ ಕ್ರೀಸಿಂಗ್ ಮಾಡಿಸಬೇಕಂತೆ. ಹಂಚುವ ಬ್ರೋಷರ್‌ಗೆ 130 ಸಾಕು ಎಂದೇ ನನಗೆ ಅನ್ನಿಸಿತು.

ಎಷ್ಟು ಪ್ರತಿ ಎಂಬುದೂ ಮುಖ್ಯ. 500 ಹಾಕಿಸಿದರೂ 5000 ಹಾಕಿಸಿದರೂ ಪ್ಲೇಟಿನ ಖರ್ಚು ಅಷ್ಟೇ. ನೂರಿನ್ನೂರಕ್ಕಾದರೆ ಪ್ಲೇಟಿನ ಗೊಡವೆಯಿಲ್ಲದ ಡಿಜಿಟಲ್ ಪ್ರಿಂಟೇ ಅಗ್ಗ.

ಕೊನೆಗೆ ಕಟಿಂಗ್ ಮಷೀನಿನ ಬಳಿ ಹಗ್ಗ ಕಟ್ಟಿಟ್ಟ ಒಂದು ದೊಡ್ಡ ಕಟ್ಟು ಕಂಡಿತು. ನುಣುಪಾದ ಕಾಗದ, ಚೊಕ್ಕ ಅಚ್ಚು, ಸರಿಯಾದ ಮಡಿಕೆ. ಯಾಕೆ ಒಯ್ದಿಲ್ಲ ಎಂದು ಕೇಳಿದೆ. ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಪ್ರೂಫಿಗೆ ಗಿರಾಕಿಯ ಸಹಿಯೂ ಇತ್ತು, ಹಾಗಾಗಿ ಎರಡನೇ ಸಲದ ಖರ್ಚು ಅವರದೇ. ನೀವು ಬ್ರೋಷರ್ ಮಾಡಿಸುವವರಾದರೆ, ಸಹಿ ಹಾಕುವ ಮುಂಚೆ ಪ್ರೂಫ್ ನೋಡಿಕೊಂಡು ಅದರಲ್ಲಿರುವ ನಂಬರಿಗೇ ಒಂದು ಸಲ ಫೋನ್ ಮಾಡಿ. ಕ್ಯೂಆರ್ ಕೋಡ್ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ ನೋಡಿ.