ಪ್ರೋಟೀನಿನ ಚಿತ್ರ ತೆಗೆಯುವ ಮುನ್ನ

ನಮ್ಮ ರಕ್ತದಲ್ಲಿ ಆಕ್ಸಿಜನನ್ನು ಹೊತ್ತೊಯ್ಯುವ ಹೀಮೊಗ್ಲೋಬಿನ್ ಒಂದು ಪ್ರೋಟೀನು. ಅದರ ಒಂದು ಅಣುವಿನ ಅಡ್ಡಳತೆ ಸುಮಾರು 5ರಿಂದ 6 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದದ ಗೆರೆಯ ಮೇಲೆ ಇಂತಹ ಸುಮಾರು ಎರಡು ಲಕ್ಷ ಅಣುಗಳನ್ನು ಸಾಲಾಗಿ ನಿಲ್ಲಿಸಬಹುದು. ಶಾಲೆಯ ಪ್ರಯೋಗಾಲಯದಲ್ಲಿರುವ ಸೂಕ್ಷ್ಮದರ್ಶಕ ಎಷ್ಟೇ ಉತ್ತಮವಾಗಿದ್ದರೂ, ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಬೆಳಕಿನ ತರಂಗದೂರವೇ ಇಲ್ಲಿ ಮಿತಿ.

ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸಿದರೆ? ಮೂರು ಲಕ್ಷ ವೋಲ್ಟ್ ವಿಭವಾಂತರದಲ್ಲಿ ವೇಗ ಪಡೆದ ಎಲೆಕ್ಟ್ರಾನಿನ ತರಂಗದೂರ ಸುಮಾರು 0.002 ನ್ಯಾನೊಮೀಟರ್. ಇದು ಪರಮಾಣುವಿನ ಗಾತ್ರಕ್ಕಿಂತಲೂ ಬಹಳ ಕಡಿಮೆ. ಮ್ಯಾಕ್ಸ್ ನೋಲ್ ಮತ್ತು ಅರ್ನ್‌ಸ್ಟ್ ರುಸ್ಕ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರಚಿಸಿದ್ದು 1931ರಲ್ಲಿ. ಆದರೂ ಪ್ರೋಟೀನಿನ ಪರಮಾಣುಗಳ ಜೋಡಣೆಯನ್ನು ಅದರಿಂದ ತಿಳಿಯಲು ಹಲವು ದಶಕಗಳೇ ಬೇಕಾದವು. ಮಸೂರಗಳ ದೋಷವೂ ಚಿತ್ರ ದಾಖಲಿಸುವ ಸಾಧನಗಳ ಮಿತಿಯೂ ಇದಕ್ಕೆ ಕಾರಣವಾಗಿದ್ದವು. ಆದರೆ ದೊಡ್ಡ ತೊಡಕು ಇದ್ದುದು ಉಪಕರಣದೊಳಗೆ ಇಡುವ ಮಾದರಿಯಲ್ಲಿ.

ಮೂರು ತೊಡಕುಗಳು

ಒಂದು: ಎಲೆಕ್ಟ್ರಾನುಗಳು ಅಡ್ಡಿಯಿಲ್ಲದೆ ಚಲಿಸಲು ಉಪಕರಣದೊಳಗೆ ನಿರ್ವಾತವಿರಬೇಕು. ಪ್ರೋಟೀನು ತನ್ನ ಸಹಜ ಆಕಾರದಲ್ಲಿ ಉಳಿಯಲು ನೀರು ಬೇಕು. ನಿರ್ವಾತದಲ್ಲಿ ನೀರು ಕ್ಷಣದಲ್ಲಿ ಆವಿಯಾಗಿ, ಅಣು ಒಣಗಿ ಕುಸಿಯುತ್ತದೆ.

ಎರಡು: ವೇಗವಾದ ಎಲೆಕ್ಟ್ರಾನುಗಳ ಹೊಡೆತಕ್ಕೆ ಪ್ರೋಟೀನಿನ ರಾಸಾಯನಿಕ ಬಂಧಗಳು ಮುರಿಯುತ್ತವೆ. ನಾವು ನೋಡುವ ಕ್ರಿಯೆಯೇ ನೋಡಬೇಕಾದುದನ್ನು ನಾಶಮಾಡುತ್ತದೆ.

ಮೂರು: ಪ್ರೋಟೀನಿನಲ್ಲಿರುವುದು ಬಹುಪಾಲು ಕಾರ್ಬನ್, ನೈಟ್ರೊಜನ್, ಆಕ್ಸಿಜನ್, ಹೈಡ್ರೊಜನ್‌ನಂತಹ ಹಗುರ ಧಾತುಗಳು. ಸುತ್ತಲಿನ ನೀರಿಗೂ ಅವಕ್ಕೂ ಎಲೆಕ್ಟ್ರಾನುಗಳನ್ನು ಚೆದುರಿಸುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಚಿತ್ರ ಮಸುಕು.

ಮೊದಲು ಶುದ್ಧಿ, ನಂತರ ಪರೀಕ್ಷೆ

ಬೇಕಾದ ಪ್ರೋಟೀನನ್ನು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಅಥವಾ ಕೃಷಿ ಮಾಡಿದ ಜೀವಕೋಶಗಳಲ್ಲಿ ತಯಾರಿಸಿ, ಕೋಶಗಳನ್ನು ಒಡೆದು ಬೇರ್ಪಡಿಸುತ್ತಾರೆ. ನಂತರ ಸೂಕ್ಷ್ಮ ರಂಧ್ರಗಳಿರುವ ಮಣಿಗಳನ್ನು ತುಂಬಿದ ನಳಿಕೆಯ ಮೂಲಕ ದ್ರಾವಣವನ್ನು ಹರಿಸುತ್ತಾರೆ. ದೊಡ್ಡ ಅಣುಗಳು ರಂಧ್ರಗಳನ್ನು ಹೊಗಲಾರದೆ ಮೊದಲು ಹೊರಬರುತ್ತವೆ. ಚಿಕ್ಕವು ರಂಧ್ರಗಳಲ್ಲಿ ಸುತ್ತಾಡಿ ತಡವಾಗಿ ಬರುತ್ತವೆ. ಗಂಟುಕಟ್ಟಿದ ಪ್ರೋಟೀನುಗಳೂ ತುಂಡಾದವುಗಳೂ ಹೀಗೆ ಬೇರೆಯಾಗುತ್ತವೆ.

ಶುದ್ಧವಾದ ಮಾತ್ರಕ್ಕೆ ಮಾದರಿ ಸಿದ್ಧವಾಯಿತೆನ್ನುವಂತಿಲ್ಲ. ಅಣುಗಳು ಇಡಿಯಾಗಿವೆಯೇ, ಒಂದೇ ರೂಪದಲ್ಲಿವೆಯೇ ಎಂದು ತಿಳಿಯಬೇಕು. ಇದಕ್ಕೆ ಸುಲಭ ವಿಧಾನ ನೆಗೆಟಿವ್ ಸ್ಟೇನಿಂಗ್. ಬ್ರೆನ್ನರ್ ಮತ್ತು ಹಾರ್ನ್ 1959ರಲ್ಲಿ ಇದನ್ನು ವಿವರಿಸಿದರು. ಕಾರ್ಬನ್ ಪೊರೆಯ ಮೇಲೆ ಪ್ರೋಟೀನ್ ದ್ರಾವಣದ ಹನಿಯಿಟ್ಟು, ಯುರೇನಿಲ್ ಅಸಿಟೇಟಿನಂತಹ ಭಾರಲೋಹದ ಲವಣವನ್ನು ಸೇರಿಸಿ ಒಣಗಿಸುತ್ತಾರೆ. ಲವಣ ಅಣುವಿನ ಸುತ್ತ ಅಚ್ಚಿನಂತೆ ನಿಲ್ಲುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಅಣು ಬಿಳಿಯಾಗಿ ಕಾಣುತ್ತದೆ. ಆದರೆ ಇಲ್ಲಿ ಕಾಣುವುದು ಒಣಗಿದ ಅಣುವಿನ ಹೊರ ಆಕಾರ ಮಾತ್ರ. ಸುಮಾರು 2 ನ್ಯಾನೊಮೀಟರಿಗಿಂತ ಸೂಕ್ಷ್ಮವಾದ ವಿವರ ಇದರಲ್ಲಿ ಸಿಕ್ಕುವುದಿಲ್ಲ.

ಹರಳಾಗದ ಹಿಮ

ನೀರನ್ನು ತೆಗೆಯದೆ ಘನವಾಗಿಸಿದರೆ ನಿರ್ವಾತದ ತೊಡಕು ತಪ್ಪುತ್ತದೆ. ಆದರೆ ಸಾಮಾನ್ಯ ಮಂಜುಗಡ್ಡೆ ಹರಳುಗಳ ರಾಶಿ. ಟೊಮೆಟೊವನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದರೆ ಮೆತ್ತಗಾಗುವುದನ್ನು ನೋಡಿದ್ದೀರಲ್ಲವೇ? ಹಿಮದ ಹರಳುಗಳು ಅದರ ಕೋಶಗಳನ್ನು ಒಡೆದಿರುತ್ತವೆ. ಪ್ರೋಟೀನಿಗೂ ಹರಳುಗಳಿಂದ ಹಾನಿಯಾಗುತ್ತದೆ; ಚಿತ್ರವೂ ಕೆಡುತ್ತದೆ.

ನೀರಿನ ಅಣುಗಳಿಗೆ ಸಾಲುಗಟ್ಟಲು ಸಮಯ ಕೊಡದೆ ತಣಿಸಿದರೆ ಹರಳಿನ ಬದಲು ಗಾಜಿನಂತಹ ಹಿಮವಾಗುತ್ತದೆ. ಕಲ್ಲುಸಕ್ಕರೆ ಮತ್ತು ಪೆಪ್ಪರ್‌ಮೆಂಟುಗಳನ್ನು ಹೋಲಿಸಿ ನೋಡಿ. ಎರಡೂ ಸಕ್ಕರೆಯವೇ. ನಿಧಾನವಾಗಿ ಬೆಳೆದ ಕಲ್ಲುಸಕ್ಕರೆ ಹರಳು. ಬೇಗ ತಣಿದ ಗಟ್ಟಿ ಪಾಕ ಗಾಜು.

ಹೈಡೆಲ್‌ಬರ್ಗ್‌ನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಜಾಕ್ ಡುಬೊಶೆ ಮತ್ತು ಅಲಾಸ್ಡೇರ್ ಮೆಕ್‌ಡೊವಾಲ್ 1981ರಲ್ಲಿ ಇದನ್ನು ಸಾಧಿಸಿದರು. ಇಂದಿನ ಕ್ರಮ ಹೀಗಿದೆ: 3 ಮಿಲಿಮೀಟರ್ ವ್ಯಾಸದ ಲೋಹದ ಜಾಲರಿ, ಅದರ ಮೇಲೆ ಸಣ್ಣ ತೂತುಗಳಿರುವ ಕಾರ್ಬನ್ ಪೊರೆ. ಅದಕ್ಕೆ ಸುಮಾರು 3 ಮೈಕ್ರೊಲೀಟರ್ ದ್ರಾವಣ ಹಾಕಿ, ಫಿಲ್ಟರ್ ಕಾಗದದಿಂದ ಕೆಲವು ಸೆಕೆಂಡು ಹೀರಿಸುತ್ತಾರೆ. ತೂತುಗಳಲ್ಲಿ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ ನೀರಿನ ಪರೆ ಉಳಿಯುತ್ತದೆ. ತಕ್ಷಣ ಅದನ್ನು ದ್ರವ ಈಥೇನಿಗೆ ಇಳಿಬಿಡುತ್ತಾರೆ.

-196° ಸೆ. ಉಷ್ಣತೆಯ ದ್ರವ ನೈಟ್ರೊಜನ್ ಇರುವಾಗ ಈಥೇನ್ ಏಕೆ? ಚೆನ್ನಾಗಿ ಕಾದ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಆವಿಯ ಮೇಲೆ ತೇಲುತ್ತ ಓಡಾಡುತ್ತವೆ. ಜಾಲರಿ ತಾಕಿದಾಗ ನೈಟ್ರೊಜನ್ ಹೀಗೆಯೇ ಕುದಿದು, ಅನಿಲದ ಹೊದಿಕೆಯಾಗಿ ತಣಿಯುವಿಕೆಯನ್ನು ನಿಧಾನಗೊಳಿಸುತ್ತದೆ. ಈಥೇನ್ ಕುದಿಯುವುದು -89° ಸೆ.ನಲ್ಲಿ, ಆದ್ದರಿಂದ ಅದು ದ್ರವವಾಗಿಯೇ ಉಳಿದು ಉಷ್ಣವನ್ನು ಬೇಗ ಸೆಳೆಯುತ್ತದೆ. ದ್ರವ ನೈಟ್ರೊಜನ್ನನ್ನು ಈಥೇನಿನ ಪಾತ್ರೆಯನ್ನು ತಂಪಾಗಿಡಲು ಬಳಸುತ್ತಾರೆ.

ಶೀತದಲ್ಲಿ ಎಲೆಕ್ಟ್ರಾನುಗಳ ಹಾನಿ ಕಡಿಮೆಯಾದರೂ ಇಲ್ಲವಾಗುವುದಿಲ್ಲ. ಹೀಗಾಗಿ ಮಿತವಾದ ಎಲೆಕ್ಟ್ರಾನುಗಳಿಂದ ಮಸುಕು ಚಿತ್ರಗಳನ್ನೇ ತೆಗೆದು, ಸಾವಿರಾರು, ಲಕ್ಷಾಂತರ ಅಣುಗಳ ಚಿತ್ರಗಳ ಸರಾಸರಿಯಿಂದ ಮೂರು ಆಯಾಮದ ರೂಪವನ್ನು ಪಡೆಯುತ್ತಾರೆ. ಡುಬೊಶೆ ಜೊತೆಗೆ, ಇಂತಹ ಗಣನ ವಿಧಾನಗಳನ್ನು ರೂಪಿಸಿದ ಯೊಆಕಿಮ್ ಫ್ರಾಂಕ್ ಹಾಗೂ ಪ್ರೋಟೀನಿನ ಪರಮಾಣು ಮಟ್ಟದ ವಿನ್ಯಾಸವನ್ನು 1990ರಲ್ಲಿ ಪಡೆದ ರಿಚರ್ಡ್ ಹೆಂಡರ್‌ಸನ್ 2017ರ ರಸಾಯನ ವಿಜ್ಞಾನ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ನೀರಿನ ಮೇಲ್ಮೈಯ ಕಾಟ

ಇಷ್ಟಾದರೂ ಒಂದು ಅಪಾಯ ಉಳಿದಿದೆ. ಮೊಟ್ಟೆಯ ಬಿಳಿಯನ್ನು ಕಡೆದರೆ ಗಟ್ಟಿ ನೊರೆಯೇಳುತ್ತದೆ. ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ ಪ್ರೋಟೀನು ತನ್ನ ಮಡಿಕೆ ಬಿಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಜಾಲರಿಯ ತೆಳು ಪರೆಯಲ್ಲಿ ಎರಡೂ ಬದಿಗೆ ಇಂತಹ ಮೇಲ್ಮೈ ಇದೆ. ಹೆಪ್ಪುಗಟ್ಟುವ ಮುನ್ನವೇ ಅಣುಗಳು ಅದಕ್ಕೆ ಅನೇಕ ಬಾರಿ ತಾಕುತ್ತವೆ.

ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಜೀವಭೌತವಿಜ್ಞಾನ ಸಂಸ್ಥೆಯವರು 2019ರಲ್ಲಿ ಯೀಸ್ಟಿನ ಫ್ಯಾಟಿ ಆಸಿಡ್ ಸಿಂಥೇಸ್ ಎಂಬ ಪ್ರೋಟೀನನ್ನು ಪರೀಕ್ಷಿಸಿದರು. ಮೇಲ್ಮೈಗೆ ಅಂಟಿದ ಅಣುಗಳಲ್ಲಿ ಸುಮಾರು ಶೇಕಡ 90 ಭಾಗಶಃ ಕೆಟ್ಟಿದ್ದವು. ಜಾಲರಿಯ ಮೇಲೆ ನೀರನ್ನು ಒಪ್ಪುವಂತೆ ಮಾಡಿದ ಗ್ರಾಫೀನ್ ಹಾಳೆಯನ್ನು ಹಾಸಿದಾಗ ಅಣುಗಳು ಅದಕ್ಕೆ ಅಂಟಿ, ಮೇಲ್ಮೈಯಿಂದ ದೂರವಿದ್ದು ಇಡಿಯಾಗಿ ಉಳಿದವು. ಪ್ರೋಟೀನು ಅದೇ, ಸೂಕ್ಷ್ಮದರ್ಶಕದ ಸಾಮರ್ಥ್ಯವೂ ಸಾಲದಾಗಿರಲಿಲ್ಲ. ಫಲಿತಾಂಶವನ್ನು ಬದಲಿಸಿದ್ದು ಮಾದರಿಯ ತಯಾರಿ.

ಔಷಧ ಎಲ್ಲಿ ಅಂಟುತ್ತದೆ, ವೈರಸ್ ಕೋಶವನ್ನು ಹೇಗೆ ಹಿಡಿಯುತ್ತದೆ ಎಂಬ ತೀರ್ಮಾನಗಳು ಇಂದು ಇಂತಹ ಚಿತ್ರಗಳನ್ನು ಆಧರಿಸಿವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲೂ ಈ ಸೂಕ್ಷ್ಮದರ್ಶಕಗಳಿವೆ. ಕೆಟ್ಟ ಅಣುವಿನ ಚಿತ್ರವನ್ನು ನಂಬಿದರೆ ತೀರ್ಮಾನವೂ ಕೆಡುತ್ತದೆ. ಆದ್ದರಿಂದ ಇಂತಹ ಚಿತ್ರವನ್ನು ಕಂಡಾಗ, ಎಷ್ಟು ಪಟ್ಟು ಹಿಗ್ಗಿಸಿದ್ದಾರೆ ಎಂಬುದರ ಜೊತೆಗೆ ಮಾದರಿಯನ್ನು ಹೇಗೆ ತಯಾರಿಸಿದರು ಎಂದೂ ವಿದ್ಯಾರ್ಥಿಗಳು ಕೇಳಬೇಕು. ತರಗತಿಯಲ್ಲಿ ಈರುಳ್ಳಿಯ ಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಹರಡುವಾಗಲೂ ಇದೇ ಪ್ರಶ್ನೆ ಇರುತ್ತದೆ.